ಹೊಳೆ ಹಾಯಿಸುವವರು

ಮೈಸೂರಿನಿಂದ ಊಟಿ ರಸ್ತೆ ಹಿಡಿದು ಹೊರಟರೆ ಸುಮಾರು 24 ಕಿಲೋಮೀಟರಿಗೆ ಕಪಿಲಾ ನದಿ ಅಡ್ಡ ಬರುತ್ತದೆ. ಬಸ್ಸಿನಲ್ಲಿ ಕುಳಿತವರ ಕೈಗಳು ತಾವಾಗಿ ಜೋಡಿಕೊಳ್ಳುವುದು ಆಚೆ ದಡದಲ್ಲಿ ಕಾಣುವ ಶ್ರೀಕಂಠೇಶ್ವರನ ಗೋಪುರಕ್ಕೆ. ಮುಡಿ, ಉರುಳುಸೇವೆ, ದರ್ಶನ, ಹಿಂದಿರುಗುವಾಗ ಒಂದಿಷ್ಟು ರಸಬಾಳೆ. ನಂಜನಗೂಡಿಗೆ ಬಂದವರ ಕಾರ್ಯಕ್ರಮ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ. ಹೊಳೆಯ ಮೇಲೆ ತಗ್ಗಾಗಿ, ಉದ್ದಕ್ಕೆ ಮಲಗಿದಂತಿರುವ ಹಳೆಯ ಕಮಾನು ಸೇತುವೆಯನ್ನು ನಿಂತು ನೋಡುವವರು ಕಡಿಮೆ.

ಈ ಸೇತುವೆ 1735ರಲ್ಲಿ ಕಟ್ಟಿದ್ದು. ಸುಮಾರು 225 ಮೀಟರ್ ಉದ್ದ; ಐವತ್ತಕ್ಕೂ ಹೆಚ್ಚು ಕಮಾನುಗಳು. ಮಕ್ಕಳನ್ನು ಕರೆದುಕೊಂಡು ಹೋದವರು ಅವರಿಂದಲೇ ಎಣಿಸಲಿ. ಕಟ್ಟಿಸಿದವನು ಮೈಸೂರಿನ ದಳವಾಯಿ ದೇವರಾಜಯ್ಯ. ದಳವಾಯಿ ಎಂದರೆ ಸೇನಾಪತಿ. ಅರಸರ ಹೆಸರಿನಲ್ಲಿ ಗುಡಿ, ಕೆರೆ, ಛತ್ರಗಳು ಎದ್ದಿರುವ ನಾಡಿನಲ್ಲಿ ಒಬ್ಬ ಸೇನಾಪತಿ ಹೊಳೆಗೆ ಸೇತುವೆ ಕಟ್ಟಿಸಿದ ಸಂಗತಿ ಸ್ವಲ್ಪ ಯೋಚಿಸಬೇಕಾದದ್ದು. ಯಾತ್ರಿಕರಿಗೆ ಅನುಕೂಲವಾಯಿತು, ನಿಜ. ಆದರೆ ಈ ದಾರಿ ದಕ್ಷಿಣಕ್ಕೆ ಕೊಯಮತ್ತೂರಿನ ಬಯಲಿಗೆ ಇಳಿಯುವ ದಾರಿಯೂ ಹೌದು. ಮಳೆಗಾಲದ ನಾಲ್ಕು ತಿಂಗಳು ಕಪಿಲೆ ಎರಡೂ ದಡ ತುಂಬಿ ಹರಿದರೆ ಆನೆ, ಕುದುರೆ, ತೋಪಿನ ಬಂಡಿ, ಅಕ್ಕಿ ಹೊತ್ತ ಎತ್ತು ಎಲ್ಲವೂ ಈಚೆ ದಡದಲ್ಲೇ ಉಳಿಯುತ್ತವೆ. ಸೇನಾಪತಿಗೆ ಹೊಳೆ ತೀರ್ಥವಾಗುವುದು ಆಮೇಲೆ. ಮೊದಲು ಅದು ಒಂದು ಅಡ್ಡಿ.

ಸೇತುವೆಯ ಗಟ್ಟಿತನ ಎಷ್ಟೆಂದರೆ, ಆನೆ ಮತ್ತು ಬಂಡಿಗಳಿಗಾಗಿ ಕಟ್ಟಿದ ಇದರ ಮೇಲೆಯೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀಟರ್‌ಗೇಜ್ ಹಳಿ ಹಾಸಿ ರೈಲು ಓಡಿಸಿದರು. ಬ್ರಾಡ್‌ಗೇಜ್ ಬಂದ ಮೇಲೆ ರೈಲು ಬೇರೆ ಸೇತುವೆಗೆ ಹೋಯಿತು. ಒಂದೂವರೆ ಶತಮಾನದ ಹಿಂದಿನ ಕಟ್ಟಡ ಉಗಿಬಂಡಿಯ ಭಾರ ತಾಳಿದ ಗುಟ್ಟು ಕಮಾನಿನಲ್ಲಿದೆ. ಕಲ್ಲು ಒತ್ತಿದರೆ ಗಟ್ಟಿ, ಎಳೆದರೆ ದುರ್ಬಲ. ಚಪ್ಪಡಿಯನ್ನು ಎರಡು ಕಂಬಗಳ ಮೇಲೆ ಅಡ್ಡ ಮಲಗಿಸಿ ಭಾರ ಹೇರಿದರೆ ಅದರ ಕೆಳಮೈ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಕಮಾನಿನಲ್ಲಿ ಭಾರ ಹೆಚ್ಚಿದಷ್ಟೂ ಕಲ್ಲುಗಳು ಒಂದನ್ನೊಂದು ಬಿಗಿಯಾಗಿ ಒತ್ತಿ, ಆ ಒತ್ತಡ ಕಂಬದ ಮೂಲಕ ನೆಲಕ್ಕೆ ಇಳಿಯುತ್ತದೆ. ಎಂಟನೆಯ ತರಗತಿಯ ಹುಡುಗನಿಗೂ ತಿಳಿಯುವ ಮಾತು ಇದು. ದಳವಾಯಿಯ ಗಾರೆ ಕೆಲಸದವರಿಗೆ ಪುಸ್ತಕವಿಲ್ಲದೆಯೇ ತಿಳಿದಿತ್ತು.

ಸೇತುವೆಯಿಂದಾಚೆ ಸ್ನಾನಘಟ್ಟದಲ್ಲಿ ನಿಂತು ನೋಡಿದರೆ ನೀರು ಪಶ್ಚಿಮದ ಕಡೆಯಿಂದ ಬರುತ್ತದೆ. ಅದರ ಮೂಲ ಕೇರಳದ ವಯನಾಡು. ಆ ಬೆಟ್ಟಗಳ ಪೂರ್ವದ ಇಳಿಜಾರಿನಲ್ಲಿ ಬಿದ್ದ ಮಳೆ ಕಬಿನಿಯಾಗಿ, ಬೀಚನಹಳ್ಳಿಯ ಜಲಾಶಯ ತುಂಬಿ ನಂಜನಗೂಡಿಗೆ ಬರುತ್ತದೆ. ಇಲ್ಲಿನವರು ಅದನ್ನೇ ಕಪಿಲೆ ಎನ್ನುತ್ತಾರೆ. ಪಶ್ಚಿಮದ ಇಳಿಜಾರಿನ ಮಳೆ ಚಾಲಿಯಾರ್ ನದಿ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಆ ಪಶ್ಚಿಮದ ಇಳಿಜಾರೇ ಕುಸಿಯಿತು. ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳು ಕೆಸರು ಬಂಡೆಗಳ ಅಡಿಯಲ್ಲಿ ಹೂತುಹೋದವು. ಎರಡೂ ಊರುಗಳ ನಡುವಣ ಸೇತುವೆ ಕೊಚ್ಚಿಹೋಗಿ, ಬದುಕಿ ಉಳಿದವರ ಬಳಿಗೆ ಮಣ್ಣು ತೆಗೆಯುವ ಯಂತ್ರವಾಗಲಿ ಆಂಬುಲೆನ್ಸ್ ಆಗಲಿ ಹೋಗುವಂತಿರಲಿಲ್ಲ.

ಅಲ್ಲಿಗೆ ಹೋದವರು ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರು. ಮೇಜರ್ ಸೀತಾ ಶೆಲ್ಕೆ ಎಂಬ ಅಧಿಕಾರಿಣಿಯೂ ಮುಂದೆ ನಿಂತು ಕೆಲಸ ಮಾಡಿಸಿದ್ದನ್ನು ದೇಶವೆಲ್ಲ ಚಿತ್ರಗಳಲ್ಲಿ ಕಂಡಿತು. ಹಗಲು ರಾತ್ರಿ ಸುರಿಯುವ ಮಳೆಯಲ್ಲಿ ದುಡಿದು ಆಗಸ್ಟ್ 1ರ ಸಂಜೆಯ ಹೊತ್ತಿಗೆ ಅವರು 190 ಅಡಿ ಉದ್ದದ, 24 ಟನ್ ಭಾರ ತಾಳುವ ಬೆಯ್ಲಿ ಸೇತುವೆಯನ್ನು ನಿಲ್ಲಿಸಿದರು. 

ಬೆಯ್ಲಿ ಸೇತುವೆಯ ಕಥೆ ಸ್ವಾರಸ್ಯವಾದದ್ದು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟನ್ನಿನ ಡೊನಾಲ್ಡ್ ಬೆಯ್ಲಿ ರೂಪಿಸಿದ್ದು. ಹತ್ತು ಅಡಿ ಉದ್ದ, ಐದು ಅಡಿ ಎತ್ತರದ ಉಕ್ಕಿನ ಚೌಕಟ್ಟುಗಳು. ಒಂದೊಂದೂ ಸುಮಾರು 260 ಕಿಲೋ. ಆರು ಜನ ಕೈಗೂಡಿಸಿದರೆ ಎತ್ತಬಹುದು. ಚೌಕಟ್ಟಿಗೆ ಚೌಕಟ್ಟು ತಂದು, ತೂತಿಗೆ ತೂತು ಸೇರಿಸಿ, ಗೂಟ ಬಡಿದರೆ ಆಯಿತು. 190 ಅಡಿಗೆ ಇಂಥ ಎಷ್ಟು ಅಂಕಣ ಬೇಕೆಂಬ ಲೆಕ್ಕವನ್ನು ಬಾಯಲ್ಲೇ ಹೇಳಬಹುದು. ಕ್ರೇನ್ ಬೇಕಿಲ್ಲ, ಹೊಳೆಯ ನಡುವೆ ಕಂಬ ಕಟ್ಟುತ್ತ ಕೂರಬೇಕಿಲ್ಲ.

ಆದರೆ ಆಚೆ ದಡಕ್ಕೆ ಇನ್ನೂ ಯಾರೂ ಹೋಗಿರದಿದ್ದರೆ ಸೇತುವೆಯನ್ನು ಅಲ್ಲಿಗೆ ಮುಟ್ಟಿಸುವುದು ಹೇಗೆ? ಮನೆಯಲ್ಲೇ ಮಾಡಿ ನೋಡಬಹುದು. ಒಂದು ಸ್ಕೇಲನ್ನು ಮೇಜಿನ ಅಂಚಿನಾಚೆ ಮೆಲ್ಲಗೆ ತಳ್ಳಿ. ಅರ್ಧದವರೆಗೂ ಅದು ಬೀಳುವುದಿಲ್ಲ. ಹಿಂದಿನ ತುದಿಯ ಮೇಲೆ ರಬ್ಬರ್, ಪೆನ್ನು ಏನಾದರೂ ಹೇರಿದರೆ ಅರ್ಧಕ್ಕಿಂತ ಮುಂದೆ ಚಾಚಿದರೂ ನಿಲ್ಲುತ್ತದೆ. ಬೆಯ್ಲಿ ಸೇತುವೆಯ ಮುಂಭಾಗಕ್ಕೆ ಹಗುರವಾದ ಮೂತಿಯೊಂದನ್ನು ಜೋಡಿಸಿ, ಹಿಂಭಾಗವನ್ನು ಭಾರವಾಗಿಟ್ಟು, ಉರುಳೆಗಳ ಮೇಲೆ ಇಡಿಯ ಸೇತುವೆಯನ್ನೇ ಆಚೆಗೆ ತಳ್ಳುತ್ತಾರೆ. ಮೂತಿ ಆಚೆ ದಡ ಮುಟ್ಟಿದ ಮೇಲೆ ಅದನ್ನು ಬಿಚ್ಚುತ್ತಾರೆ. ಪಠ್ಯಪುಸ್ತಕದಲ್ಲಿ ಸನ್ನೆಕೋಲು ಎಂದು ಬಾಯಿಪಾಠ ಮಾಡಿದ್ದು ಇದೇ. ಯುದ್ಧದಲ್ಲಿ ಇದನ್ನು ಕತ್ತಲೆಯಲ್ಲಿ, ದೀಪವಿಲ್ಲದೆ, ಗುಂಡಿನ ಮಳೆಯಲ್ಲಿ ಮಾಡಬೇಕು. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲೇವಾದ ಬಳಿ ಚಿಂದ್ವಿನ್ ನದಿಗೆ 14ನೇ ಸೇನೆಯವರು ಹಾಕಿದ ತೇಲುವ ಬೆಯ್ಲಿ ಸೇತುವೆ 1,154 ಅಡಿ ಉದ್ದವಿತ್ತು. ಆ ಸೇನೆಯಲ್ಲಿ ಹೆಚ್ಚಿನವರು ಭಾರತೀಯರೇ.

ನಂಜನಗೂಡಿನಿಂದ ಕಪಿಲೆಯ ಬಲದಂಡೆಯ ಕಡೆಯೇ ಪೂರ್ವಕ್ಕೆ ಹೊರಟರೆ ಭತ್ತದ ಗದ್ದೆ, ಕಬ್ಬು, ತೆಂಗಿನ ತೋಟಗಳ ನಡುವೆ ಸಾಗಿ ತಿರುಮಕೂಡಲು ನರಸೀಪುರ ಸೇರಬಹುದು. ಟಿ. ನರಸೀಪುರವೆಂದೇ ಎಲ್ಲರ ಬಾಯಲ್ಲಿ. ಕಪಿಲೆಯ ಪಯಣ ಇಲ್ಲಿಗೆ ಮುಗಿಯುತ್ತದೆ. ಅವಳು ಕಾವೇರಿಯಲ್ಲಿ ಸೇರುತ್ತಾಳೆ. ಮೂರನೆಯದಾಗಿ ಸ್ಫಟಿಕ ಸರೋವರ ಗುಪ್ತವಾಗಿ ಸೇರುತ್ತದೆಂಬ ನಂಬಿಕೆಯಿಂದ ಇದು ತ್ರಿವೇಣಿ ಸಂಗಮ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಯುತ್ತದೆ. ಜನಸಂದಣಿ ನದಿಯ ನಡುವಿನ ಜಾಗಕ್ಕೆ ಹೋಗಿಬರಲು ತೇಲುಸೇತುವೆ ಹಾಕಿದ್ದೂ ಉಂಟು. ನದಿಯ ಬಲಕ್ಕೆ ಗುಂಜಾ ನರಸಿಂಹಸ್ವಾಮಿ. ಎರಡು ನದಿಗಳ ನಡುವಣ ಮೂಲೆಯಲ್ಲಿ ಅಗಸ್ತ್ಯೇಶ್ವರ. ಕಾಶಿಗಿಂತ ಈ ಕ್ಷೇತ್ರದ ಮಹಿಮೆ ಒಂದು ಗುಲಗಂಜಿ ತೂಕ ಹೆಚ್ಚೆಂದು ಹೇಳಿಕೆ. ಗುಲಗಂಜಿ ಅಕ್ಕಸಾಲಿಗರ ತೂಕದ ಕಾಳು. ಒಂದು ಗ್ರಾಂನ ಸುಮಾರು ಎಂಟನೆಯ ಒಂದು ಪಾಲು. ಕ್ಷೇತ್ರದ ಮಹಿಮೆ ಹೇಳುವಾಗಲೂ ನಮ್ಮ ಹಿರಿಯರು ಅಳತೆ ತಪ್ಪಿಸಲಿಲ್ಲ!

ಸಂಗಮದಿಂದ ಕಾವೇರಿಯ ಎಡದಂಡೆಯ ಕಡೆಗೆ ದಾಟಿದರೆ ಹತ್ತಿರದಲ್ಲೇ ಸೋಸಲೆ. ವ್ಯಾಸರಾಜ ಮಠದಿಂದ ಹೆಸರಾದ ಊರು. ಮೈಸೂರಿನ ಚರಿತ್ರೆಯ ಒಂದು ನಿರ್ಣಾಯಕ ದಿನ ಈ ಊರಿನ ನೀರಿನಲ್ಲಿ ಕಳೆಯಿತೆಂಬುದು ಇಲ್ಲಿ ಓಡಾಡುವ ಎಷ್ಟೋ ಮಂದಿಗೆ ತಿಳಿಯದು.

ಅದು 1799ರ ಮಾರ್ಚ್ 30. ಜನರಲ್ ಹ್ಯಾರಿಸ್‌ನ ಸೈನ್ಯ ಮೂರು ದಿನ ಮೊದಲು, ಮಾರ್ಚ್ 27ರಂದು, ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನನ ಸೈನ್ಯವನ್ನು ಎದುರಿಸಿ ಮುಂದೆ ಬಂದಿತ್ತು. ಅವನ ಗುರಿ ಶ್ರೀರಂಗಪಟ್ಟಣ. ನೆಟ್ಟಗೆ ಹೋಗುವ ದಾರಿ ಕಾವೇರಿಯ ಉತ್ತರ ದಂಡೆಯದು. ಎಂಟು ವರ್ಷದ ಹಿಂದೆ, 1791ರಲ್ಲಿ, ಲಾರ್ಡ್ ಕಾರ್ನ್‌ವಾಲಿಸ್ ಬಂದದ್ದೂ ಆ ದಂಡೆಯಲ್ಲೇ. ಅರಕೆರೆಯವರೆಗೆ ಬಂದವನಿಗೆ ಹೊಳೆ ದಾಟಲು ಅನುಕೂಲವಾಗಲಿಲ್ಲ, ಮುಂಗಾರು ಬೇಗ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು. ಕೊನೆಗೆ ಕನ್ನಂಬಾಡಿಯ ಬಳಿ ತನ್ನ ಭಾರಿ ತೋಪುಗಳನ್ನು ತಾನೇ ಒಡೆದು ಹಾಕಿ ಹಿಂದಿರುಗಿದ. ಗುಂಡಿಗೆ ಬಗ್ಗದವನನ್ನು ಹೊಳೆ, ಮಳೆ, ಮೇವು ಸೇರಿ ಓಡಿಸಿದವು. ಇಂದು ಕೃಷ್ಣರಾಜಸಾಗರದ ಬೃಂದಾವನ ನೋಡಲು ಹೋಗುವ ಮಕ್ಕಳು ನಿಲ್ಲುವುದು ಆ ಪ್ರದೇಶದಲ್ಲೇ.

ಟಿಪ್ಪು ಈ ಸಲವೂ ಉತ್ತರ ದಂಡೆಯ ದಾರಿಯನ್ನೇ ನಿರೀಕ್ಷಿಸಿದ. ಆ ದಾರಿಯುದ್ದಕ್ಕೂ ಮೇವು ಸುಡಿಸಿದ. ಲೆಕ್ಕಾಚಾರ ತಪ್ಪೇನೂ ಅಲ್ಲ. ಹ್ಯಾರಿಸ್‌ನ ಜೊತೆ ಸಾಮಾನು ಹೊರುವ ಎತ್ತುಗಳೇ ಲಕ್ಷದ ಆಸುಪಾಸಿನಲ್ಲಿದ್ದವು. ಅವಕ್ಕೆ ಹುಲ್ಲಿಲ್ಲದಿದ್ದರೆ ತೋಪು ಒಂದು ಗೇಣೂ ಕದಲದು. ಆದರೆ ಹ್ಯಾರಿಸ್ ಎಡಕ್ಕೆ ಹೊರಳಿದ. ಸೋಸಲೆಯಲ್ಲಿ ಹೊಳೆ ಹಾಯಲು ಒಳ್ಳೆಯ ಜಾಗವಿದೆಯೆಂದು ಅವನಿಗೆ ತಿಳಿದುಬಂದಿತ್ತು. ಬೇಸಗೆಯ ಕಾವೇರಿ, ತಡೆಯಲು ಯಾರೂ ಇಲ್ಲ. ಸೈನ್ಯ, ತೋಪು, ಬಂಡಿ, ಎತ್ತು ಎಲ್ಲವೂ ದಕ್ಷಿಣ ದಂಡೆ ಸೇರಿದವು. ಅಲ್ಲಿನ ಹಳ್ಳಿಗಳಲ್ಲಿ ಹುಲ್ಲು ಸುಟ್ಟಿರಲಿಲ್ಲ. ಕಪಿಲೆಯ ಹಂಗಿಲ್ಲದೆ, ಎರಡು ನದಿಗಳ ನಡುವಣ ನೆಲದಲ್ಲೇ ನಡೆದು ಏಪ್ರಿಲ್ 5ರಂದು ಹ್ಯಾರಿಸ್ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟ. ಸೋಸಲೆಯ ಸುದ್ದಿ ತಿಳಿದ ಮೇಲೆ ಟಿಪ್ಪು ಇದೇ ತಾಲ್ಲೂಕಿನ ಬನ್ನೂರಿನಲ್ಲಿ ತನ್ನ ಮುಖ್ಯ ಸರದಾರರನ್ನು ಸೇರಿಸಿ ಮುಂದಿನ ದಾರಿಯ ಬಗ್ಗೆ ಮಾತನಾಡಿದ. ಅಂತ್ಯ ಹತ್ತಿರವಾಗಿದೆಯೆಂದು ಅವನಿಗೆ ಅಲ್ಲಿಯೇ ಮನದಟ್ಟಾಯಿತೆಂದು ಚರಿತ್ರೆಕಾರ ವಿಲ್ಕ್ಸ್ ಬರೆದಿದ್ದಾನೆ.

ಮೇ 4ರ ಮಧ್ಯಾಹ್ನ ಕೋಟೆ ಬಿದ್ದ ಕಥೆಯನ್ನು ನಾಲ್ಕನೆಯ ತರಗತಿಯ ಮಕ್ಕಳೂ ಹೇಳುತ್ತಾರೆ. ಮೀರ್ ಸಾದಕನ ದ್ರೋಹದ ಮಾತು ಬಂದೇ ಬರುತ್ತದೆ. ಸೋಸಲೆಯ ಮಾತು ಯಾವ ನಾಟಕದಲ್ಲೂ ಬರುವುದಿಲ್ಲ. ಶತ್ರು ಕಾವೇರಿಯನ್ನು ದಾಟುವ ಒಂದು ಜಾಗಕ್ಕೆ ಕಾವಲಿರಲಿಲ್ಲ ಎಂಬುದು ದ್ರೋಹದಷ್ಟು ರೋಚಕವಲ್ಲ. ರಾಜ್ಯಕ್ಕೆ ಮಾಡಿದ ನಷ್ಟದಲ್ಲಿ ಮಾತ್ರ ಅದು ಕಡಿಮೆಯಿಲ್ಲ.

ಹೊಳೆ ಹಾಯಲು ಒಳ್ಳೆಯ ಜಾಗ ಎಂದರೆ ಏನು? ಆಳ ಒಂದೇ ಸಾಲದು. ಮೊಣಕಾಲುದ್ದದ ನೀರಾದರೂ ಅಡಿಯಲ್ಲಿ ಕೆಸರಿದ್ದರೆ ತೋಪಿನ ಗಾಲಿ ಹೂತುಹೋಗುತ್ತದೆ. ಮರಳಿದ್ದರೆ ಮೊದಲ ನೂರು ಬಂಡಿ ದಾಟಿ, ನೂರೊಂದನೆಯದು ಹಳ್ಳಕ್ಕೆ ಬೀಳುತ್ತದೆ. ಇಳಿಯುವ ದಡ, ಹತ್ತುವ ದಡ ಎರಡೂ ಇಳಿಜಾರಾಗಿರಬೇಕು; ಇಲ್ಲದಿದ್ದರೆ ಗುದ್ದಲಿ ಹಿಡಿದು ಕಡಿಯಬೇಕು. ಇನ್ನು ಸೆಳೆತ. ನೀರಿನ ವೇಗ ಎರಡರಷ್ಟಾದರೆ ಅದು ದೂಡುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಸೊಂಟದುದ್ದದ ನೀರಿನಲ್ಲಿ ನಿಧಾನವಾಗಿ ದಾಟಿದವನು ಮರುದಿನ ಅದೇ ಆಳದಲ್ಲಿ ಕೊಚ್ಚಿಹೋಗುವುದು ಇದರಿಂದಲೇ. ಇವನ್ನೆಲ್ಲ ಮುಂಚಿತವಾಗಿ ಹೋಗಿ ನೋಡಿ, ಅಳೆದು, ಸರಿಪಡಿಸಿ, ಹಿಂದಿನವರಿಗೆ ಹೇಳುವುದು ಸೇನೆಯಲ್ಲಿ ಒಂದು ಪ್ರತ್ಯೇಕ ವೃತ್ತಿ.

ಹ್ಯಾರಿಸ್‌ನ ಸೈನ್ಯದಲ್ಲಿ ಅಂಥವರಿದ್ದರು. ಅವರನ್ನು ಮದ್ರಾಸ್ ಪಯನೀರ್‌ಗಳು ಎನ್ನುತ್ತಿದ್ದರು. ಹೈದರಾಲಿ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿದ ವರ್ಷದಲ್ಲೇ, 1780ರ ಸೆಪ್ಟೆಂಬರ್ 30ರಂದು, ಮದರಾಸಿನಲ್ಲಿ ಇವರ ಮೊದಲ ಎರಡು ಕಂಪನಿಗಳನ್ನು ಕಟ್ಟಲಾಯಿತು. ಕಟ್ಟಿದವನು ಜೋಸೆಫ್ ಮೂರ್‌ಹೌಸ್. 1791ರಲ್ಲಿ ಬೆಂಗಳೂರಿನ ಪೇಟೆಯ ಮೇಲಿನ ದಾಳಿಯಲ್ಲಿ ಅವನೇ ಹತನಾದ. ಮೈಸೂರಿನ ವಿರುದ್ಧದ ಯುದ್ಧದಿಂದ ಹುಟ್ಟಿದ ಪಡೆ ಮುಂದೆ ಮೈಸೂರು ಸೀಮೆಯಲ್ಲೇ ನೆಲೆ ಕಂಡಿತು. 1834ರಿಂದ ಅದರ ಕೇಂದ್ರ ಬೆಂಗಳೂರು. ಹಲಸೂರು ಕೆರೆಯ ಪಕ್ಕದಲ್ಲಿ ಹಾದುಹೋಗುವವರು ಕಾಣುವ ಆ ಸೈನ್ಯದ ಆವರಣವೇ ಇಂದಿನ ಮದ್ರಾಸ್ ಇಂಜಿನಿಯರ್ ಗ್ರೂಪ್. ವಯನಾಡಿಗೆ ಹೋದವರು ಇವರ ಪರಂಪರೆಯವರೇ. ದಕ್ಷಿಣದ ನಾಲ್ಕೂ ಭಾಷೆಗಳ ಹುಡುಗರು ಇದರಲ್ಲಿದ್ದಾರೆ. ಸೇನೆಯಲ್ಲಿ ಇವರನ್ನು ಪ್ರೀತಿಯಿಂದ 'ತಂಬಿ'ಗಳೆನ್ನುತ್ತಾರೆ.

ಇಂಥ ಸೈನಿಕನಿಗೆ ಸ್ಯಾಪರ್ ಎಂಬ ಹೆಸರೂ ಇದೆ. ಕೋಟೆಯ ಕಡೆಗೆ ಅಂಕುಡೊಂಕಾಗಿ ಕಂದಕ ತೋಡುತ್ತ ಹೋಗುವುದಕ್ಕೆ ಫ್ರೆಂಚರು ಇಟ್ಟ ಹೆಸರಿನಿಂದ ಬಂದ ಮಾತು ಅದು. ನೇರವಾಗಿ ತೋಡಿದರೆ ಕೋಟೆಯ ಮೇಲಿನ ಒಂದು ಗುಂಡು ಕಂದಕದ ಉದ್ದಕ್ಕೂ ಓಡಿ ಎಲ್ಲರನ್ನೂ ಕೊಲ್ಲುತ್ತದೆ, ಆದ್ದರಿಂದ ಅಂಕುಡೊಂಕು. 1799ರ ಏಪ್ರಿಲ್ ತಿಂಗಳೆಲ್ಲ ಶ್ರೀರಂಗಪಟ್ಟಣದ ಮುಂದೆ ನಡೆದದ್ದು ಈ ಕೆಲಸ. ಬುಟ್ಟಿಗೆ ಮಣ್ಣು ತುಂಬಿ ಗೋಡೆ ಕಟ್ಟುತ್ತ, ರಾತ್ರಿ ತೋಡುತ್ತ, ಹಗಲು ಅಡಗುತ್ತ ತೋಪುಗಳನ್ನು ಹತ್ತಿರ ತಂದರು. ಅವಸರವಿತ್ತು. ಅಕ್ಕಿ ಮುಗಿಯುತ್ತ ಬಂದಿತ್ತು. ಜೂನ್ ಬಂದರೆ ಕಾವೇರಿ ತುಂಬುತ್ತದೆ, ಕೋಟೆ ಮತ್ತೆ ದ್ವೀಪವಾಗುತ್ತದೆ.

ಆ ದಿನಗಳ ಇನ್ನೊಂದು ಪ್ರಸಂಗ ವಿದ್ಯಾರ್ಥಿಗಳು ನೆನಪಿಡುವಂಥದು. ಏಪ್ರಿಲ್ ಮೊದಲ ವಾರದ ಒಂದು ರಾತ್ರಿ ಬೇರ್ಡ್ ಎಂಬ ಸೇನಾನಿ ತನ್ನ ತುಕಡಿಯೊಂದಿಗೆ ತೋಪೊಂದನ್ನು ಶೋಧಿಸಿ ಹಿಂದಿರುಗುತ್ತಿದ್ದ. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಆಕಾಶ ನೋಡಿ, ನಾವು ಹೋಗುತ್ತಿರುವುದು ದಕ್ಷಿಣಕ್ಕಲ್ಲ, ಉತ್ತರಕ್ಕೆ, ಶತ್ರುವಿನ ಕಡೆಗೆ ಎಂದ. ಮೊದಲು ಯಾರೂ ನಂಬಲಿಲ್ಲ. ದಿಕ್ಸೂಚಿ ತಂದು ನೋಡಿದರೆ ನಕ್ಷತ್ರಗಳ ಮಾತೇ ನಿಜ! ಭಾರತವನ್ನೆಲ್ಲ ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೇಕ್ಷಣೆಯನ್ನು ಮುಂದೆ ಆರಂಭಿಸಿದವನು ಈ ಲ್ಯಾಂಬ್ಟನ್ನೇ. ಅದೇ ಮುತ್ತಿಗೆಯಲ್ಲಿ ನಿಜಾಮನ ಸೈನ್ಯದ ಜೊತೆ ಇಂಜಿನಿಯರ್ ಆಗಿದ್ದ ಕಾಲಿನ್ ಮೆಕೆಂಜಿ ಆಮೇಲೆ ಮೈಸೂರು ಸೀಮೆಯ ನಕ್ಷೆ ತಯಾರಿಸಿದ. ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದವನೂ ಅವನೇ. ನಮ್ಮ ಎಷ್ಟೋ ಹಳ್ಳಿಗಳ ಚರಿತ್ರೆ ಉಳಿದದ್ದು ಗೆಲ್ಲಲು ಬಂದ ಸೈನ್ಯದ ಇಂಜಿನಿಯರನ ಗಂಟಿನಲ್ಲಿ ಎಂಬುದು ವಿಚಿತ್ರವಾದರೂ ನಿಜ. 

ಸೋಸಲೆಯಲ್ಲಿ ದಾಟಿದ ಸೈನ್ಯದಲ್ಲಿ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಕೂಡ ಇದ್ದ. ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. 1803ರ ಸೆಪ್ಟೆಂಬರ್ 23ರಂದು ಮಹಾರಾಷ್ಟ್ರದ ಅಸ್ಸಾಯೆಯಲ್ಲಿ ಮರಾಠರ ಸೈನ್ಯ ಕೈಟ್ನಾ ನದಿಯಾಚೆ ಇತ್ತು. ದಾಟುವ ಜಾಗವೇ ಇಲ್ಲವೆಂದು ದಾರಿ ತೋರಿಸುವವರು ಹೇಳಿದರು. ವೆಲ್ಲೆಸ್ಲಿ ಕಂಡದ್ದು ಎರಡೂ ದಂಡೆಗಳಲ್ಲಿ ಎದುರುಬದುರಾಗಿದ್ದ ಎರಡು ಹಳ್ಳಿಗಳನ್ನು. ಹೀಗೆ ಊರು ಕಟ್ಟಿಕೊಂಡವರು ನಡುವೆ ಓಡಾಡಲು ದಾರಿಯಿಲ್ಲದೆ ಇರಲಾರರು ಎಂದು ಊಹಿಸಿ ಹೋದ. ಹಾಯುವ ಜಾಗ ಅಲ್ಲಿತ್ತು. ಆ ಯುದ್ಧದಲ್ಲೂ ಮದ್ರಾಸ್ ಪಯನೀರ್‌ಗಳಿದ್ದರು. ದಖ್ಖನಿನ ಹೊಳೆಗಳನ್ನು ದಾಟಲು ಅವನು ಮಾಡಿಸಿಕೊಂಡ ದೋಣಿಗಳು ಯಾವುವೆಂದರೆ, ಬಿದಿರು ಹೆಣೆದು ಚರ್ಮ ಹೊದಿಸಿದ ನಮ್ಮ ಹರಿಗೋಲುಗಳು. 

ಈಗ ಮತ್ತೆ ಸಂಗಮಕ್ಕೆ ಬಂದು ನಿಂತು ನೋಡಿದರೆ ನರಸೀಪುರ, ತಿರುಮಕೂಡಲು, ಸೋಸಲೆಗಳೂ ಹಾಗೆಯೇ ಒಂದಕ್ಕೊಂದು ಎದುರಾಗಿ ಕುಳಿತಿವೆ. ಇವುಗಳ ನಡುವೆ ಹೆಣ್ಣು ತಂದವರು, ಗಂಡು ಕೊಟ್ಟವರು, ಸಂತೆಗೆ ಹೋದವರು, ದನ ಅಟ್ಟಿಕೊಂಡು ಬಂದವರು ಇದ್ದೇ ಇದ್ದರು. ಸೇನೆಯ ಇಂಜಿನಿಯರಿಗೆ ಮೊದಲ ಗುರು ಆ ದನ ಕಾಯುವವನೇ.

ಯುದ್ಧದಲ್ಲಿ ಹೊಳೆಯೊಂದೇ ಅಡ್ಡಿಯಲ್ಲ. ತನ್ನ ಸೈನ್ಯಕ್ಕೆ ದಾರಿ ಬಿಡಿಸುವುದು, ಶತ್ರುವಿನ ದಾರಿ ಕಟ್ಟುವುದು, ತನ್ನವರ ತಲೆ ಕಾಯಲು ನೆಲ ತೋಡುವುದು, ಕುಡಿಯುವ ನೀರು ಒದಗಿಸುವುದು ಎಲ್ಲವೂ ಇವರ ಪಾಲಿಗೆ. ಇಪ್ಪತ್ತನೆಯ ಶತಮಾನದಲ್ಲಿ ಮುಳ್ಳುತಂತಿ ಮತ್ತು ನೆಲಬಾಂಬು ಸೇರಿಕೊಂಡವು. ಮುಳ್ಳುತಂತಿಗೆ ಉಪಾಯ ಹುಟ್ಟಿದ್ದು ಬೆಂಗಳೂರಿನಲ್ಲೇ. 1912ರಲ್ಲಿ ಮದ್ರಾಸ್ ಸ್ಯಾಪರ್‌ಗಳ ಜೊತೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್, ಕೊಳವೆಗಳಲ್ಲಿ ಸಿಡಿಮದ್ದು ತುಂಬಿ, ಒಂದಕ್ಕೊಂದು ಜೋಡಿಸಿ ತಂತಿಯ ಕೆಳಗೆ ತಳ್ಳಿ ಸಿಡಿಸುವ ಸಾಧನ ಮಾಡಿದ. ಆಳು ತಾನು ಮರೆಯಲ್ಲಿದ್ದುಕೊಂಡೇ ದಾರಿ ತೆರೆಯಬಹುದು. 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಅಮೆರಿಕದ ಸೈನಿಕರು ತಂತಿ ಕಡಿದದ್ದು ಇದರಿಂದಲೇ. ಪ್ರಪಂಚದ ಸೇನೆಗಳೆಲ್ಲ ಅದನ್ನು ಇಂದಿಗೂ 'ಬ್ಯಾಂಗಲೋರ್ ಟಾರ್ಪಿಡೊ' ಎಂದೇ ಕರೆಯುತ್ತವೆ. ಕಂಪ್ಯೂಟರಿಗೆ ಬಹಳ ಮೊದಲೇ ಊರಿನ ಹೆಸರು ಹೊರದೇಶಕ್ಕೆ ಹೋಗಿತ್ತು.

ನೆಲಬಾಂಬು ಇನ್ನೂ ಕ್ರೂರ. ಮೇಲಿನಿಂದ ಕಾಲಿನ ಭಾರ ಬಿದ್ದರೆ ಸಿಡಿಯುತ್ತದೆ. ಆದ್ದರಿಂದ ಹುಡುಕುವವನು ಮಂಡಿಯೂರಿ, ಚೂಪುಕಡ್ಡಿಯನ್ನು ಓರೆಯಾಗಿ ನೆಲಕ್ಕೆ ಚುಚ್ಚುತ್ತ, ಬಾಂಬಿನ ಪಕ್ಕವನ್ನು ಮುಟ್ಟಿ ಗುರುತಿಸಬೇಕು. ಲೋಹಶೋಧಕ ಯಂತ್ರವಿದ್ದರೂ ಪ್ಲಾಸ್ಟಿಕ್ ಬಾಂಬಿಗೆ ಅದು ಕುರುಡು. 1944ರ ಜೂನ್ 24ರಂದು ಇಟಲಿಯಲ್ಲಿ ಮದ್ರಾಸ್ ಸ್ಯಾಪರ್‌ಗಳ ಸುಬೇದಾರ್ ಸುಬ್ರಮಣಿಯನ್, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾನೇ ಬಿದ್ದು ಜೊತೆಯವರನ್ನು ಉಳಿಸಿದ. ಸತ್ತ ಮೇಲೆ ಅವನಿಗೆ ಜಾರ್ಜ್ ಕ್ರಾಸ್ ಸಂದಿತು.

1971ರ ಡಿಸೆಂಬರಿನಲ್ಲಿ ಪಶ್ಚಿಮದ ಗಡಿಯ ಬಸಂತರ್ ನದಿಯಲ್ಲಿ ಹೊಳೆ ಮತ್ತು ನೆಲಬಾಂಬು ಎರಡೂ ಒಟ್ಟಿಗೆ ಎದುರಾದವು. ಡಿಸೆಂಬರ್ 15ರ ರಾತ್ರಿ 9ನೇ ಇಂಜಿನಿಯರ್ ರೆಜಿಮೆಂಟಿನವರು ಗುಂಡಿನ ಸುರಿಮಳೆಯಲ್ಲಿ ಬಾಂಬಿನ ಹೊಲದೊಳಗೆ ದಾರಿ ಬಿಡಿಸತೊಡಗಿದರು. ನಮ್ಮ ಕಾಲಾಳುಗಳು ಆಗಲೇ ಆಚೆ ದಡ ಸೇರಿದ್ದರು. ಬೆಳಗಾಗುವುದರೊಳಗೆ ಟ್ಯಾಂಕುಗಳು ಅವರನ್ನು ಕೂಡಿಕೊಳ್ಳದಿದ್ದರೆ ಅವರು ಉಳಿಯುವಂತಿರಲಿಲ್ಲ. ದಾರಿ ಪೂರ್ತಿ ತೆರವಾಗುವ ಮುನ್ನವೇ ಪೂನಾ ಹಾರ್ಸ್ ಟ್ಯಾಂಕುಗಳು ನುಗ್ಗಿದವು. ಮರುದಿನ ಇಪ್ಪತ್ತೊಂದರ ಹರೆಯದ ಅರುಣ್ ಖೇತರ್‌ಪಾಲ್ ಹೋರಾಡಿ ಮಡಿದು ಪರಮವೀರ ಚಕ್ರ ಪಡೆದದ್ದು ಎಲ್ಲರಿಗೂ ಗೊತ್ತು. ದಾರಿ ಬಿಡಿಸಿದವರ ಮುಂದಾಳುಗಳಲ್ಲೊಬ್ಬರಾದ ಮೇಜರ್ ವಿಜಯ್ ರತನ್ ಚೌಧರಿ ಅದೇ ಕೆಲಸದಲ್ಲಿ 17ರಂದು ಮಡಿದರು. ಅವರಿಗೆ ಮಹಾವೀರ ಚಕ್ರ. ಅವರ ಹೆಸರು ನಮ್ಮ ಮಕ್ಕಳ ಕಿವಿಗೆ ಬಿದ್ದಿರುವುದು ಕಡಿಮೆ. ಟ್ಯಾಂಕಿನ ಚಿತ್ರ ಬರೆಯುವ ಮಗು ಟ್ಯಾಂಕಿನಡಿಯ ದಾರಿಯನ್ನು ಬರೆಯುವುದಿಲ್ಲವಲ್ಲ.

ಅದೇ ಯುದ್ಧದಲ್ಲಿ ಪೂರ್ವದ ಕಡೆ ಪಾಕಿಸ್ತಾನಿ ಸೈನ್ಯ ಮೇಘನಾ ನದಿಯ ದೊಡ್ಡ ಸೇತುವೆಯನ್ನು ಒಡೆದು ಹಿಂದೆ ಸರಿಯಿತು. ಇನ್ನು ಢಾಕಾಕ್ಕೆ ದಾರಿಯಿಲ್ಲವೆಂದು ಅವರ ಎಣಿಕೆ. ಭಾರತೀಯರು ಡಿಸೆಂಬರ್ 9ರಿಂದ ಹೆಲಿಕಾಪ್ಟರುಗಳಲ್ಲಿ, ಊರವರು ಕೊಟ್ಟ ದೋಣಿಗಳಲ್ಲಿ ದಾಟಿದರು. ಸೋಸಲೆಯ ತಪ್ಪೇ ಇನ್ನೊಂದು ರೂಪದಲ್ಲಿ: ಶತ್ರು ಬರುವ ದಾರಿ ಇದೊಂದೇ ಎಂದು ನಂಬಿ ಕುಳಿತದ್ದು.

ಇಂಜಿನಿಯರಿಂಗ್ ಎಂದರೆ ಇಂದಿನ ತಂದೆತಾಯಿಗಳ ಕಣ್ಣ ಮುಂದೆ ಬರುವುದು ಹವಾನಿಯಂತ್ರಿತ ಕೋಣೆ, ಕಂಪ್ಯೂಟರ್ ಪರದೆ. ಈ ಇನ್ನೊಂದು ಇಂಜಿನಿಯರಿಂಗಿಗೂ ದಾರಿಗಳಿವೆ. ಪಿ.ಯು.ಸಿ. ಮುಗಿಸಿದವರು ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆಯಬಹುದು. ಪದವೀಧರ ಇಂಜಿನಿಯರುಗಳಿಗೆ ಬೇರೆ ಪ್ರವೇಶವುಂಟು. ಅಧಿಕಾರಿಗಳಿಗೆ ಪುಣೆಯ ಸೇನಾ ಇಂಜಿನಿಯರಿಂಗ್ ಕಾಲೇಜಿನಲ್ಲಿ ತರಬೇತಿ. ಸೈನಿಕರಾಗಿ ಸೇರುವವರಿಗೆ 2022ರಿಂದ ಅಗ್ನಿವೀರ ಪದ್ಧತಿ ಬಂದಿದೆ. ನಾಲ್ಕು ವರ್ಷದ ಸೇವೆಯ ನಂತರ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಮುಂದುವರಿಯುತ್ತಾರೆಂಬುದನ್ನು ಪೋಷಕರು ಮೊದಲೇ ತಿಳಿದಿರಬೇಕು. ಅಪಾಯವಿಲ್ಲವೆಂದು ಯಾರೂ ಹೇಳಲಾರರು. ಆದರೆ ಈ ವಿದ್ಯೆ ಯುದ್ಧಕ್ಕೇ ಮೀಸಲಾಗಿ ಉಳಿಯುವುದಿಲ್ಲ. ಉತ್ತರ ಭಾರತದಲ್ಲಿ 1857-58ರ ಯುದ್ಧದಲ್ಲಿ ನದಿಗಳಿಗೆ ಸೇತುವೆ ಹಾಕಿದ ಮದ್ರಾಸ್ ಇಂಜಿನಿಯರ್ಸ್‌ನ ರಿಚರ್ಡ್ ಸ್ಯಾಂಕಿ ಮುಂದೆ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದ. ನಮ್ಮ ಕೆರೆಗಳು ಸರಪಳಿಯಂತೆ ಒಂದರಿಂದೊಂದಕ್ಕೆ ನೀರು ಹರಿಸುವ ರೀತಿಯನ್ನು ಅಭ್ಯಾಸ ಮಾಡಿದ. ಬೆಂಗಳೂರಿನ ಅಠಾರಾ ಕಚೇರಿ, ಕಬ್ಬನ್ ಪಾರ್ಕುಗಳ ಹಿಂದೆಯೂ ಅವನ ಕೈ ಇದೆ.

ಮಕ್ಕಳೊಂದಿಗೆ ಸಂಗಮಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. 1799ರ ಕಾವೇರಿ ಈಗ ಇಲ್ಲ. ಮೇಲೆ ಕೃಷ್ಣರಾಜಸಾಗರ, ಅತ್ತ ಕಬಿನಿ ಜಲಾಶಯ; ಗೇಟು ತೆಗೆದರೆ ಮಳೆಯಿಲ್ಲದ ದಿನವೂ ನೀರು ಏರುತ್ತದೆ. ಮರಳು ತೆಗೆದ ಕಡೆ ಕಾಣದ ಗುಂಡಿಗಳಿವೆ. ಈಜು ಬಂದವರೂ ಇಲ್ಲಿ ಹೋಗಿದ್ದಾರೆ. ನೀರಿಗೆ ಇಳಿಯದೆಯೇ ಹೊಳೆಯನ್ನು ಅಳೆಯಬಹುದು. ದಡದುದ್ದಕ್ಕೆ ಇಪ್ಪತ್ತು ಮೀಟರ್ ಗುರುತು ಮಾಡಿ, ಮೇಲಿನ ತುದಿಯಲ್ಲಿ ಒಣ ಕಡ್ಡಿಯೊಂದನ್ನು ದಡದಿಂದಲೇ ಎಸೆದು, ಕೆಳಗಿನ ಗುರುತು ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿದರಾಯಿತು. ಇಪ್ಪತ್ತು ಸೆಕೆಂಡಾದರೆ ಸೆಕೆಂಡಿಗೆ ಒಂದು ಮೀಟರ್. ಮೇಲ್ಮೈಗಿಂತ ಒಳಗಿನ ನೀರು ಸ್ವಲ್ಪ ನಿಧಾನ; ನೂರಕ್ಕೆ ಎಂಬತ್ತೈದರಷ್ಟೆಂದು ಹಿಡಿಯುವುದು ವಾಡಿಕೆ. ಹತ್ತು ಸಲ ಎಸೆದು ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ಆಳ ತಿಳಿಯಬೇಕಾದರೆ ಹರಿಗೋಲಿನವನು ಬಿದಿರು ಗಳುವನ್ನು ನೀರಿಗೆ ಇಳಿಸುವುದನ್ನು ದಡದಲ್ಲಿ ನಿಂತೇ ನೋಡಬೇಕು. ಗಳು ಎಲ್ಲಿಯವರೆಗೆ ಒದ್ದೆಯಾಯಿತೆಂದು ಅವನು ತಲೆ ತಗ್ಗಿಸಿ ನೋಡುವುದಿಲ್ಲ. ತಳ ತಾಕಿದ ಪೆಟ್ಟಿನಲ್ಲೇ ಮರಳೋ, ಬಂಡೆಯೋ, ಕೆಸರೋ ಎಂದು ಅವನ ಅಂಗೈಗೆ ಗೊತ್ತಾಗುತ್ತದೆ.